ಉಮ್ಮಾ, ನನ್ನನ್ನು ಕರೆದುಕೊಂಡು ಹೋಗಿ

ಕಳೆದ ವರ್ಷದ ಮಳೆಗಾಲದ ಒಂದು ಶನಿವಾರ ರಾತ್ರಿ. ಇಶಾ ನಮಾಝ್ ಮುಗಿಸಿ ಊಟಕ್ಕೆ ತಟ್ಟೆ ಇಡುತ್ತಿದ್ದೆ. ಪಕ್ಕದ ಮನೆಯಾಕೆ ಕೊಡೆಯನ್ನೂ ಹಿಡಿಯದೆ ತಲೆಯ ಮೇಲೆ ಸೆರಗೆಳೆದುಕೊಂಡು ಓಡಿ ಬಂದರು. ಕೈಯಲ್ಲಿ ಮೊಬೈಲ್.

"ಟೀಚರೇ, ನೀವೇ ಒಮ್ಮೆ ಮಾತಾಡಿ. ಅವಳು ಅಳು ನಿಲ್ಲಿಸುವುದೇ ಇಲ್ಲ."

ಅವರ ಹಿರಿಯ ಮಗಳು. ನಮ್ಮ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಕಾಮರ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದು, ಮಂಗಳೂರಿನ ಒಂದು ಕಾಲೇಜಿಗೆ ಬಿ.ಕಾಂ.ಗೆ ಸೇರಿದ್ದಳು. ಆ ಮನೆಯಲ್ಲಿ ಪಿಯುಸಿ ದಾಟಿದವರು ಗಂಡು ಹೆಣ್ಣು ಯಾರೂ ಇರಲಿಲ್ಲ. ಹಾಸ್ಟೆಲ್ ಸೇರಿ ಹನ್ನೊಂದು ದಿನ ಆಗಿತ್ತು. ಫೋನನ್ನು ಕಿವಿಗಿಟ್ಟರೆ ಬಿಕ್ಕಳಿಕೆಯ ನಡುವೆ ಒಂದೇ ಮಾತು: "ಇಲ್ಲಿ ಎಲ್ಲರಿಗೂ ಎಲ್ಲ ಗೊತ್ತುಂಟು ಟೀಚರೇ. ನನಗೊಬ್ಬಳಿಗೇ ಏನೂ ಗೊತ್ತಿಲ್ಲ. ಉಮ್ಮನಿಗೆ ಹೇಳಿ, ನನ್ನನ್ನು ಕರೆದುಕೊಂಡು ಹೋಗಲಿಕ್ಕೆ."

ಅಷ್ಟರಲ್ಲಿ ಆಕೆಯ ಉಪ್ಪ ತನ್ನ ಗೂಡ್ಸ್ ಆಟೋದ ಕೀಲಿ ಹುಡುಕುತ್ತಿದ್ದರಂತೆ. ಬೆಳಗಿನ ಸುಬಹಿ ಆದ ಕೂಡಲೇ ಹೊರಟು ಪೆಟ್ಟಿಗೆ ಸಮೇತ ಮಗಳನ್ನು ತರುವುದೆಂದು ತೀರ್ಮಾನ. ಅಜ್ಜಿ ಒಳಗಿನಿಂದ "ನಾನು ಮೊದಲೇ ಹೇಳಿದ್ದೆ" ಎನ್ನುತ್ತಿದ್ದರು. ಗಲ್ಫ್‌ನಲ್ಲಿರುವ ಹುಡುಗನೊಬ್ಬನ ಕಡೆಯವರು ಎರಡು ಸಲ ಬಂದು ಕೇಳಿಹೋಗಿದ್ದರು. ಆ ಮಾತಿಗೂ ಈಗ ಜೀವ ಬಂದಿತ್ತು. ಒಂದೇ ರಾತ್ರಿಯಲ್ಲಿ ಒಂದು ಹುಡುಗಿಯ ಮುಂದಿನ ಬದುಕು ತೀರ್ಮಾನವಾಗುವುದರಲ್ಲಿತ್ತು, ಅದೂ ಅವಳು ಅಳುತ್ತಿದ್ದ ಗಳಿಗೆಯಲ್ಲಿ.

ನಾನು ಆ ದಿನ ಅವರಿಗೆ ಏನು ಹೇಳಿದೆ ಎಂಬುದನ್ನು ಹೇಳುವ ಮೊದಲು, ನನ್ನದೇ ಮನೆಯ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಇದನ್ನು ಈ ಅಂಕಣದಲ್ಲಿ ಇದುವರೆಗೆ ಬರೆದಿಲ್ಲ.

1988ರಲ್ಲಿ ನನ್ನ ತಂಗಿ ಡಿಗ್ರಿಗೆಂದು ಪಟ್ಟಣಕ್ಕೆ ಹೋದಳು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿ ಬೇರೆ ಊರಿನಲ್ಲಿದ್ದೆ. ನಮ್ಮಲ್ಲಿ ಯಾರ ಮನೆಯಲ್ಲೂ ಫೋನ್ ಇರಲಿಲ್ಲ. ಮೂರನೆಯ ದಿನ ಅವಳು ನೀಲಿ ಇನ್‌ಲ್ಯಾಂಡ್ ಪತ್ರ ಬರೆದಳು. ಅಕ್ಷರಗಳ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು. ತನಗೆ ಇಲ್ಲಿ ಆಗುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ, ಪಾಠ ತಲೆಗೆ ಹೋಗುವುದಿಲ್ಲ ಎಂದಿದ್ದಳು. ನನಗೆ ಕರುಳು ಕಿತ್ತು ಬಂದಂತಾಯಿತು. ಅಂದೇ ಕುಳಿತು ಉತ್ತರ ಬರೆದೆ. "ಮನಸ್ಸಿಲ್ಲದಿದ್ದರೆ ಬಂದುಬಿಡು. ನಿನ್ನ ನೆಮ್ಮದಿಗಿಂತ ಓದು ದೊಡ್ಡದಲ್ಲ" ಎಂದು. ಮಳೆಗಾಲದ ಅಂಚೆ. ಅವಳ ಪತ್ರ ನನಗೆ ತಲುಪಿ, ನನ್ನ ಪತ್ರ ಅವಳಿಗೆ ತಲುಪುವಾಗ ಅವಳು ಅಲ್ಲಿಗೆ ಹೋಗಿ ಹದಿನೈದು ದಿನ ಆಗಿತ್ತು. ಹದಿನೇಳನೆಯ ದಿನ ಅವಳು ಮನೆಯಲ್ಲಿದ್ದಳು. ಮತ್ತೆ ಓದಲಿಲ್ಲ.

ಒಳ್ಳೆಯ ಗಂಡ, ಒಳ್ಳೆಯ ಮಕ್ಕಳು, ಅಲ್‌ಹಮ್ದುಲಿಲ್ಲಾಹ್, ಯಾವುದಕ್ಕೂ ಕೊರತೆಯಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳ ಮಗನ ಕಾಲೇಜಿನ ಅರ್ಜಿಯನ್ನು ನಾವಿಬ್ಬರೂ ಕುಳಿತು ತುಂಬಿಸುತ್ತಿದ್ದೆವು. ತಾಯಿಯ ವಿದ್ಯಾರ್ಹತೆ ಎಂಬಲ್ಲಿ 'ಪಿಯುಸಿ' ಎಂದು ಬರೆದು ಪೆನ್ನನ್ನು ಮುಚ್ಚುತ್ತಾ ಅವಳು ಹೇಳಿದಳು: "ಅಕ್ಕ, ನಿನ್ನ ಪತ್ರ ಬರುವಾಗ ನನಗೆ ಅಲ್ಲಿ ಒಬ್ಬಳು ಗೆಳತಿ ಸಿಕ್ಕಿದ್ದಳು. ಪಾಠವೂ ಸ್ವಲ್ಪ ಸ್ವಲ್ಪ ಅರ್ಥ ಆಗ್ತಿತ್ತು. ಆದರೆ ನೀನೇ ಬಾ ಅಂದಿದ್ದಿ ಅಲ್ವಾ, ಅದಕ್ಕೆ ಬಂದೆ. ಒಂದು ತಿಂಗಳು ತಡಿ ಅಂತ ಬರೆದಿದ್ದರೆ ಇರ್ತಿದ್ದೆ."

ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಆದುದರಿಂದ ಆ ಶನಿವಾರ ರಾತ್ರಿ ಪಕ್ಕದ ಮನೆಗೆ ಹೋಗಿ ನಾನು ಹೇಳಿದ್ದು ಇಷ್ಟೇ: ಮೊದಲ ಇಂಟರ್ನಲ್ ಪರೀಕ್ಷೆ ಮುಗಿಯುವವರೆಗೆ ಯಾವ ತೀರ್ಮಾನವೂ ಬೇಡ. ಬರುತ್ತಾಳೆ ಎಂದೂ ಬೇಡ, ಬರಲೇಬಾರದು ಎಂದೂ ಬೇಡ. ಸುಮಾರು ಆರು ವಾರ. ಆಮೇಲೂ ಅವಳು ಇದೇ ಮಾತು ಹೇಳಿದರೆ ನಾನೇ ನಿಮ್ಮ ಜೊತೆ ಹೋಗಿ ಕರೆದುಕೊಂಡು ಬರುತ್ತೇನೆ. ಉಪ್ಪನಿಗೆ ಸಮಾಧಾನ ಆಗಲಿಲ್ಲ. "ಮಗು ಅಳುವಾಗ ತಾರೀಕು ಎಣಿಸುವುದಾ ಟೀಚರೇ?" ಎಂದರು. ಆದರೂ ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನು ಹುಡುಗಿಗೆ ಫೋನ್ ಮಾಡಿದೆ. ದನಿ ಸಾದಾ ಇತ್ತು. ತಿಂಡಿ ತಿಂದಿದ್ದಳು, ಬಟ್ಟೆ ಒಗೆದು ಹಾಕಿದ್ದಳು. ರಾತ್ರಿ ಒಂದು ಗಂಟೆಯವರೆಗೆ ಎಚ್ಚರ ಇದ್ದು ತಲೆನೋವು ಬರಿಸಿಕೊಂಡದ್ದು ಇಲ್ಲಿ ಅವಳ ತಾಯಿ! ಹಿಂದಿನ ಕಾಲದ ಪತ್ರಕ್ಕೆ ತಡವಾಗುವ ದೋಷ ಇದ್ದರೆ ಈಗಿನ ಮೊಬೈಲಿಗೆ ಬೇರೆಯೇ ದೋಷ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಅತ್ಯಂತ ಕೆಟ್ಟ ಅರ್ಧ ಗಂಟೆ ಯಾವುದೋ, ಅದನ್ನೇ ಅದು ಮನೆಗೆ ಮುಟ್ಟಿಸುತ್ತದೆ. ನಕ್ಕದ್ದನ್ನು, ಕಾರಿಡಾರಿನಲ್ಲಿ ಯಾರೋ ಸಲಾಂ ಹೇಳಿದ್ದನ್ನು ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಅಳು ನಿಂತ ಮೇಲೆ ಕೇಳಿದೆ: "ನಿಜವಾಗಿ ಎಂತ ಆಯಿತು ಹೇಳು. ಮೊದಲ ದಿನದಿಂದ ಹೇಳು."

ಹೇಳುತ್ತಾ ಹೋದಂತೆ ಗೊತ್ತಾಯಿತು, ದೊಡ್ಡದು ಏನೂ ಆಗಿರಲಿಲ್ಲ. ಸಣ್ಣದು ಮಾತ್ರ ಬಹಳ ಆಗಿತ್ತು. ಮೊದಲ ತರಗತಿಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಇಂಗ್ಲಿಷಿನಲ್ಲಿ ಪರಿಚಯ ಹೇಳಬೇಕಿತ್ತು. ತನ್ನ ಸರದಿ ಬಂದಾಗ ತಾನು ಕಲಿತ ಕಾಲೇಜಿನ ಹೆಸರೇ ಮರೆತುಹೋಗಿ ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಕ್ಯಾಂಟೀನ್. ಅಲ್ಲಿ ಮೊದಲು ಕೌಂಟರಿನಲ್ಲಿ ಹಣ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕೋ, ತಿಂದ ಮೇಲೆ ಕೊಡಬೇಕೋ ತಿಳಿಯಲಿಲ್ಲ. ಕೇಳಲು ನಾಚಿಕೆ. ಆರು ದಿನ ಮಧ್ಯಾಹ್ನ ಹಾಸ್ಟೆಲ್ ಕೋಣೆಗೆ ಬಂದು ಬಿಸ್ಕತ್ತು ತಿಂದು ನೀರು ಕುಡಿದಳಂತೆ. ಹಸಿದ ಹೊಟ್ಟೆಯಲ್ಲಿ ಮೂರು ಗಂಟೆಯ ಪಾಠ ಯಾರ ತಲೆಗೆ ಹೋಗುತ್ತದೆ ಹೇಳಿ! ಅವಳು ಅದನ್ನೂ ತನ್ನ ದಡ್ಡತನದ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದಳು.

ಈ ಭಯದ ಒಂದು ಗುಣವೇ ಇದು. ಎಲ್ಲರ ಕಣ್ಣೂ ನನ್ನ ಮೇಲಿದೆ ಎಂದು ಅನಿಸುವುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ಇದನ್ನು ಒಂದು ಪ್ರಯೋಗ ಮಾಡಿ ನೋಡಿ 2000ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನಿಗೆ ಹಾಕಿಕೊಳ್ಳಲು ನಾಚಿಕೆಯಾಗುವಂತಹ ಟೀ ಶರ್ಟ್ ತೊಡಿಸಿದರು. ಅದರ ಮೇಲೆ ಹಾಡುಗಾರನೊಬ್ಬನ ದೊಡ್ಡ ಮುಖ. ಇತರ ವಿದ್ಯಾರ್ಥಿಗಳು ಕುಳಿತಿದ್ದ ಕೋಣೆಯೊಳಗೆ ಹೋಗಿ ಬರುವಂತೆ ಹೇಳಿ, "ಎಷ್ಟು ಜನ ಗಮನಿಸಿರಬಹುದು?" ಎಂದು ಕೇಳಿದರು. ಹೀಗೆ ಹೋಗಿ ಬಂದವರು ಸುಮಾರು ಅರ್ಧದಷ್ಟು ಜನ ಗಮನಿಸಿರಬೇಕು ಎಂದರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ಉಳಿದವರಿಗೆ ತಮ್ಮ ತಮ್ಮದೇ ಯೋಚನೆ. ನಮ್ಮ ಹುಡುಗಿಯ ತರಗತಿಯಲ್ಲೂ ಹಾಗೆಯೇ ಇದ್ದಿರಬೇಕು. ಅವಳ ಹಿಂದೆ ಸರದಿ ಕಾಯುತ್ತಿದ್ದ ಐವತ್ತು ಅರುವತ್ತು ಮಂದಿ ತಾವೇನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದರೇ ಹೊರತು ಅವಳ ಮಾತನ್ನು ಕೇಳಿಸಿಕೊಂಡಿರಲಿಕ್ಕಿಲ್ಲ.

ಇದನ್ನು ಹೇಳಿದರೆ ಅವಳು ನಂಬಲಿಲ್ಲ. ನಂಬಲಿ ಎಂದು ನಾನೂ ನಿರೀಕ್ಷಿಸಿರಲಿಲ್ಲ. "ನಿನ್ನ ರೂಮಿನಲ್ಲಿ ಇನ್ನೊಬ್ಬಳು ಇದ್ದಾಳಲ್ಲ, ಅವಳು ಹೇಗಿದ್ದಾಳೆ?" ಎಂದೆ.

"ಅವಳಿಗೆ ಎಂತ ಇಲ್ಲ ಟೀಚರೇ. ಹಾವೇರಿ ಕಡೆಯವಳು. ಧೈರ್ಯದವಳು. ಆರಾಮ ಇದ್ದಾಳೆ."

ಆ ಧೈರ್ಯದ ಹುಡುಗಿಯ ಕಥೆಗೆ ಆಮೇಲೆ ಬರುತ್ತೇನೆ.

ಈ ಲೇಖನವನ್ನು ಓದುವವರಲ್ಲಿ ಈ ವರ್ಷ ಡಿಗ್ರಿಗೆ ಸೇರಿದ ಹೆಣ್ಣು ಮಕ್ಕಳು ಇದ್ದೀರಿ. ಅವರ ತಾಯಂದಿರೂ ಇದ್ದೀರಿ. ಮೊದಲು ಮಕ್ಕಳೊಡನೆ ಸ್ವಲ್ಪ ಮಾತು.

ಪಿಯುಸಿ ಎಂದರೆ ಕಾಲೇಜು ಎಂದು ಕರೆದರೂ ಅದು ದೊಡ್ಡ ಶಾಲೆಯೇ. ಎರಡು ದಿನ ಬರದಿದ್ದರೆ ಮನೆಗೆ ಫೋನ್ ಬರುತ್ತದೆ, ನೋಟ್ಸ್ ಬರೆಸುತ್ತಾರೆ, ಪುಸ್ತಕ ಒಂದೇ. ಡಿಗ್ರಿಗೆ ಬಂದ ಕೂಡಲೇ ನೀವು ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಬರುತ್ತೀರಿ. ವರ್ಷಕ್ಕೆ ಎರಡು ಸೆಮಿಸ್ಟರ್. ಪ್ರತಿ ವಿಷಯದ ಅಂಕದಲ್ಲಿ ಒಂದು ಭಾಗ ಕಾಲೇಜಿನಲ್ಲೇ ನಡೆಯುವ ಇಂಟರ್ನಲ್‌ಗೆ, ಉಳಿದದ್ದು ವಿಶ್ವವಿದ್ಯಾನಿಲಯದ ಪರೀಕ್ಷೆಗೆ. ಹಾಜರಿ ಸಾಮಾನ್ಯವಾಗಿ ನೂರಕ್ಕೆ 75 ಬೇಕು. ಇದನ್ನು ಯಾರೂ ಹತ್ತಿರ ಕೂರಿಸಿ ಹೇಳುವುದಿಲ್ಲ, ನೋಟೀಸ್ ಬೋರ್ಡಿನಲ್ಲೋ ವಾಟ್ಸಾಪ್ ಗ್ರೂಪಿನಲ್ಲೋ ಹಾಕಿ ಸುಮ್ಮನಾಗುತ್ತಾರೆ. ಭಯಪಟ್ಟು ರೂಮಿನಲ್ಲಿ ಕುಳಿತ ಹುಡುಗಿಗೆ ಮೊದಲು ಪೆಟ್ಟು ಬೀಳುವುದು ಈ ಹಾಜರಿಯಲ್ಲಿ. ಅರ್ಥವಾಗದ ಪಾಠಕ್ಕೂ ಹೋಗಿ ಕುಳಿತುಕೊಳ್ಳಿ. ಅರ್ಥವಾಗದೆ ಕುಳಿತವಳಿಗೆ ಮುಂದೆ ದಾರಿ ಉಂಟು, ಬಾರದವಳಿಗೆ ಪರೀಕ್ಷೆಯ ಬಾಗಿಲೇ ಮುಚ್ಚಬಹುದು.

ಮತ್ತೊಂದು ಗೊಂದಲ. 2021ರಲ್ಲಿ ನಮ್ಮ ರಾಜ್ಯಕ್ಕೆ ನಾಲ್ಕು ವರ್ಷದ ಡಿಗ್ರಿ ವ್ಯವಸ್ಥೆ ಬಂತು. 2024ರಲ್ಲಿ ಸೇರಿದವರಿಂದ ಮತ್ತೆ ಮೂರು ವರ್ಷಕ್ಕೆ ತಂದರು. ಹಾಗಾಗಿ ಆ ನಡುವೆ ಓದಿದ ಅಕ್ಕನೋ ಅತ್ತಿಗೆಯೋ ಕೊಡುವ ಸಲಹೆ ನಿಮಗೆ ಹೊಂದದೆ ಹೋಗಬಹುದು. ನಿಮ್ಮ ವರ್ಷದ ಪಠ್ಯಕ್ರಮವನ್ನು ಕಾಲೇಜಿನಲ್ಲೇ ಕೇಳಿ ತೆಗೆದುಕೊಂಡು ಕಪಾಟಿನ ಬಾಗಿಲಿಗೆ ಅಂಟಿಸಿ. ಎಷ್ಟು ಪಾಠ ಎಂದು ಕಣ್ಣಿಗೆ ಕಂಡರೆ ಅರ್ಧ ಹೆದರಿಕೆ ಇಳಿಯುತ್ತದೆ.

ಇನ್ನು ಇಂಗ್ಲಿಷ್. ನಮ್ಮ ಮಕ್ಕಳ ಅಳುವಿನಲ್ಲಿ ಮುಕ್ಕಾಲು ಪಾಲು ಇದರದ್ದೇ. ನನ್ನ ಪಕ್ಕದ ಮನೆಯ ಹುಡುಗಿಯದ್ದೂ ಇದೇ. ಎರಡನೆಯ ವಾರ ಅಕೌಂಟೆನ್ಸಿ ತರಗತಿಯಲ್ಲಿ 'ಡಿಪ್ರಿಸಿಯೇಷನ್' ಎಂಬ ಶಬ್ದ ಬಂತು. ಒಂದು ಗಂಟೆಯ ಪಾಠದಲ್ಲಿ ನಲವತ್ತು ಸಲ ಅದೇ ಶಬ್ದ. ಅವಳಿಗೆ ಏನೂ ತಿಳಿಯದೆ ಪುಸ್ತಕದ ಅಂಚಿನಲ್ಲಿ ಗೀಚುತ್ತಾ ಕುಳಿತಿದ್ದಳು. ಶನಿವಾರದ ಅಳುವಿಗೆ ಕಾರಣವೂ ಅದೇ ಪಾಠ. ಫೋನಿನಲ್ಲಿ ಆ ಶಬ್ದವನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು.

"ಅದು ಸವಕಳಿ ಅಲ್ವಾ ಮಗಳೇ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಸವಕಳಿಯಾ? ಅದು ನನಗೆ ಗೊತ್ತುಂಟು! ಪಿಯುಸಿಯಲ್ಲಿ ಆ ಲೆಕ್ಕ ಮಾಡಿದ್ದೇನೆ ಟೀಚರೇ!"

"ಹಾಗಾದರೆ ಹೇಳು. ನಿನ್ನ ಉಪ್ಪನ ಹಳೆಯ ಆಟೋದ ಬೆಲೆ ಒಂದು ಲಕ್ಷ. ವರ್ಷಕ್ಕೆ ನೂರಕ್ಕೆ ಹತ್ತರ ಹಾಗೆ, ಉಳಿದ ಬೆಲೆಯ ಮೇಲೆ ಸವಕಳಿ. ಮೂರು ವರ್ಷಕ್ಕೆ ಎಷ್ಟು?"

ಕಾಗದ ಕೂಡ ತೆಗೆಯಲಿಲ್ಲ ಅವಳು. "ಮೊದಲು ಹತ್ತು ಸಾವಿರ, ಆಮೇಲೆ ಒಂಬತ್ತು ಸಾವಿರ, ಮೂರನೆಯದ್ದು ಎಂಟು ಸಾವಿರದ ನೂರು. ಒಟ್ಟು ಇಪ್ಪತ್ತೇಳು ಸಾವಿರದ ನೂರು. ಆಟೋದ ಬೆಲೆ ಎಪ್ಪತ್ತೆರಡು ಸಾವಿರದ ಒಂಬೈನೂರು ಉಳಿಯುತ್ತದೆ."

ತನಗೆ ಏನೂ ಗೊತ್ತಿಲ್ಲ ಎಂದು ಹನ್ನೊಂದು ದಿನ ಅತ್ತ ಹುಡುಗಿ ಇವಳು. ಪಾಠ ಗೊತ್ತಿತ್ತು, ಅದರ ಹೊಸ ಹೆಸರು ಗೊತ್ತಿರಲಿಲ್ಲ, ಅಷ್ಟೇ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು, ಒಂದು ಚಿಕ್ಕ ನೋಟು ಪುಸ್ತಕ ಇಟ್ಟುಕೊಳ್ಳಿ. ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ನೀವು ಪಿಯುಸಿಯಲ್ಲಿ ಕಲಿತ ಕನ್ನಡ ಶಬ್ದ. ಹಳೆಯ ಪಿಯುಸಿ ಪುಸ್ತಕವನ್ನು ದಯವಿಟ್ಟು ಯಾರಿಗೂ ಕೊಟ್ಟುಬಿಡಬೇಡಿ, ಮೊದಲ ಸೆಮಿಸ್ಟರಿಗೆ ಅದಕ್ಕಿಂತ ಒಳ್ಳೆಯ ಗೈಡ್ ಅಂಗಡಿಯಲ್ಲಿ ಸಿಗುವುದಿಲ್ಲ. ಮೊದಮೊದಲು ಒಂದು ಗಂಟೆಗೆ ಎರಡೇ ಪುಟ ಓದಲು ಆದರೆ ಎರಡೇ ಪುಟ ಓದಿ. ಶಬ್ದಗಳು ತಿರುಗಿ ತಿರುಗಿ ಅವೇ ಬರುತ್ತವೆ, ಎರಡು ತಿಂಗಳಲ್ಲಿ ವೇಗ ತಾನಾಗಿ ಬರುತ್ತದೆ. ಕೆಲವು ವಿಷಯಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯಲು ಅವಕಾಶ ಇರುತ್ತದೆ, ನಿಮ್ಮ ಕಾಲೇಜಿನಲ್ಲಿ ಉಂಟೋ ಎಂದು ಕೇಳಿ. ಕಂಠಪಾಠ ಮಾತ್ರ ಬೇಡ. ಉರು ಹೊಡೆದ ಇಂಗ್ಲಿಷ್ ಉತ್ತರದಲ್ಲಿ ನಡುವೆ ಒಂದು ವಾಕ್ಯ ಮರೆತರೆ ಮುಂದಿನದ್ದೂ ಹೋಯಿತು.

ಪ್ರಶ್ನೆ ಕೇಳಲು ನಾಚಿಕೆಯಾಗುವುದಾದರೆ ತರಗತಿಯಲ್ಲಿ ಕೇಳಬೇಕೆಂದಿಲ್ಲ. ಪಾಠ ಮುಗಿದು ಲೆಕ್ಚರರ್ ಹೊರಗೆ ಬರುವಾಗ ಬಾಗಿಲ ಬಳಿ ನಿಂತು "ಮೇಡಂ, ಈ ಒಂದು ಶಬ್ದ ಅರ್ಥ ಆಗಲಿಲ್ಲ" ಎನ್ನಿ. ಕನ್ನಡದಲ್ಲೇ ಕೇಳಿ. ನಾನು ಮೂವತ್ತು ವರ್ಷ ಪಾಠ ಮಾಡಿದವಳು, ಹಾಗೆ ಬಂದು ಕೇಳಿದ ಮಗುವಿನ ಮುಖ ನನಗೆ ಯಾವತ್ತೂ ಮರೆತಿಲ್ಲ. ಕೆಲವರು ಗದರಿಸುವುದೂ ಉಂಟು, ಇಲ್ಲವೆನ್ನುವುದಿಲ್ಲ. ಹಾಗಾದರೆ ಇನ್ನೊಬ್ಬರನ್ನು ಕೇಳಿ.

ಗೆಳತಿಯರ ವಿಷಯದಲ್ಲಿ ಆತುರ ಬೇಡ. ಮೊದಲ ವಾರ ಗುಂಪಾಗಿ ನಗುತ್ತಾ ಓಡಾಡುವವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವ ಅಗತ್ಯವಿಲ್ಲ. ಅವರಲ್ಲಿ ಎಷ್ಟೋ ಮಂದಿ ಒಂದೇ ಶಾಲೆಯಿಂದ ಬಂದವರಾಗಿರುತ್ತಾರೆ. ದಿನಾ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಿ, ಪಕ್ಕದಲ್ಲಿ ಕುಳಿತವಳ ಹೆಸರು ಕೇಳಿ. ಒಬ್ಬಳು ಸಾಕು.

ಈಗ ತಾಯಂದಿರಿಗೆ.

ನೀವು ಪ್ರತಿ ದಿನ ಫೋನ್ ಮಾಡಿ "ಊಟ ಆಯಿತಾ? ಅತ್ತೆಯಾ? ನೆನಪಾಗ್ತದಾ?" ಎಂದು ಕೇಳಿದರೆ ಅಳದವಳಿಗೂ ಅಳು ಬರುತ್ತದೆ. ನನ್ನ ನೆರೆಮನೆಯಾಕೆಗೆ ನಾನು ಬೇರೆ ಪ್ರಶ್ನೆಗಳನ್ನು ಕಲಿಸಿದೆ. ಇವತ್ತು ಕ್ಯಾಂಟೀನಿನಲ್ಲಿ ಎಂತ ಇತ್ತು? ಪಕ್ಕದಲ್ಲಿ ಕುಳಿತವಳ ಊರು ಯಾವುದು? ಸವಕಳಿಯ ಪಾಠ ಮುಗಿಯಿತಾ? ಹೀಗೆ ಕೇಳಿದರೆ ಉತ್ತರಕ್ಕಾದರೂ ಹುಡುಗಿ ಕ್ಯಾಂಟೀನಿಗೆ ಹೋಗಬೇಕಾಗುತ್ತದೆ, ಪಕ್ಕದವಳನ್ನು ಮಾತಾಡಿಸಬೇಕಾಗುತ್ತದೆ. ಮಗಳು ಅತ್ತಳೆಂಬ ಸುದ್ದಿ ಮನೆಯ ಗೋಡೆಯೊಳಗೇ ಇರಲಿ. ಕುಟುಂಬದಲ್ಲೆಲ್ಲ ಹೇಳಿಕೊಂಡು ಬಂದರೆ, ನಾಳೆ ಅವಳಿಗೆ ಇರಲು ಮನಸ್ಸಾದರೂ ನಾಲ್ಕು ಜನರ ಅಭಿಪ್ರಾಯ ಅಷ್ಟರಲ್ಲಿ ತಯಾರಾಗಿರುತ್ತದೆ. ಮದುವೆಯ ಮಾತನ್ನು ಈ ಆರು ವಾರ ಫೋನಿನಲ್ಲಿ ಎತ್ತಲೇಬೇಡಿ. ಈಜು ಕಲಿಯುವವಳಿಗೆ ದಡ ತೋರಿಸಿ ತೋರಿಸಿ ಕರೆದರೆ ಅವಳು ನೀರಿನಲ್ಲಿ ಕೈ ಬಡಿಯುವುದನ್ನೇ ಬಿಡುತ್ತಾಳೆ.

2022ರ ಗಲಾಟೆಯ ನಂತರ ನಮ್ಮ ಅನೇಕ ತಾಯಂದಿರು ಪ್ರವೇಶಕ್ಕೆ ಮೊದಲು ಕೇಳುವುದು ಬಟ್ಟೆಯ ನಿಯಮವನ್ನು. ಕೇಳಲೇಬೇಕು. ಆದರೆ ಅವರಿವರ ಬಾಯಿಯಿಂದಲ್ಲ, ಕಾಲೇಜಿನ ಆಫೀಸಿನಲ್ಲೇ, ಸೇರುವ ಮೊದಲೇ. ಆ ವರ್ಷ ಟಿ.ಸಿ. ತೆಗೆದುಕೊಂಡು ಹೋದ ಹೆಣ್ಣು ಮಕ್ಕಳ ಸಂಕಟ ನಮ್ಮ ಕಣ್ಣ ಮುಂದೆಯೇ ಇದೆ. ಮಗಳು ಪ್ರತಿ ದಿನ ಗೇಟಿನ ಬಳಿ ಎದೆ ಹಿಡಿದುಕೊಂಡು ನಿಲ್ಲುವ ಸ್ಥಿತಿ ಇದ್ದರೆ, ಉಳಿದ ಯಾವ ಉಪದೇಶವೂ ಕೆಲಸಕ್ಕೆ ಬರುವುದಿಲ್ಲ.

'ತಡಿ' ಎಂದು ಹೇಳುವುದಕ್ಕೂ ಒಂದು ಮಿತಿ ಉಂಟು, ಇದನ್ನು ಒತ್ತಿ ಹೇಳುತ್ತೇನೆ. ಮನೆಯ ನೆನಪಿನ ಅಳು ಬರುತ್ತದೆ, ಹೋಗುತ್ತದೆ. ನಡುವೆ ಹುಡುಗಿ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ, ಜಗಳವನ್ನೂ ಆಡುತ್ತಾಳೆ. ಎರಡು ಮೂರು ವಾರ ಕಳೆದರೂ ಊಟ ನಿದ್ದೆ ಸರಿಯಿಲ್ಲ, ತರಗತಿಗೆ ಹೋಗುವುದೇ ಇಲ್ಲ, ಯಾವುದರಲ್ಲೂ ಆಸೆಯಿಲ್ಲ, ಬದುಕುವುದೇ ಬೇಡ ಎಂಬರ್ಥದ ಮಾತು ಬಂತು ಎಂದಾದರೆ ಅದು ಬೇರೆ. ಆಗ ಇಂಟರ್ನಲ್‌ಗೆ ಕಾಯಬೇಡಿ, ಅಂದೇ ಹೊರಡಿ, ವೈದ್ಯರಿಗೆ ತೋರಿಸಿ. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಉಂಟು, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ತಾಯಂದಿರೂ ಕರೆ ಮಾಡಿ ಕೇಳಬಹುದು. ಇನ್ನು ಹಿರಿಯ ವಿದ್ಯಾರ್ಥಿಗಳು ಪೀಡಿಸುವುದು, ಯಾರಾದರೂ ಹಿಂದೆ ಬೀಳುವುದು ಇತ್ಯಾದಿ ಇದ್ದರೆ ಅದು ಹೊಂದಿಕೊಳ್ಳಬೇಕಾದ ವಿಷಯವೇ ಅಲ್ಲ. ರಾಗಿಂಗ್ ತಡೆಗೆ ಯುಜಿಸಿ 2009ರಲ್ಲೇ ಕಟ್ಟುನಿಟ್ಟಿನ ನಿಯಮ ಮಾಡಿದೆ. ಪ್ರವೇಶದ ಸಮಯದಲ್ಲಿ ನಿಮ್ಮಿಂದ ಮತ್ತು ಮಗಳಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರಲ್ಲ, ಅದು ಆ ನಿಯಮದ್ದೇ. 1800-180-5522ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಮಗಳ ಮೊಬೈಲಿನಲ್ಲೂ ನಿಮ್ಮದರಲ್ಲೂ ಹಾಕಿಟ್ಟುಕೊಳ್ಳಿ.

ನಮ್ಮ ಹುಡುಗಿಗೆ ಅಂತಹದು ಏನೂ ಇರಲಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಆರು ವಾರದ ಮಾತು ಆಡಿದ್ದು.

ಎರಡನೆಯ ಭಾನುವಾರ ಉಪ್ಪ ಹೋಗಿ ನೋಡಿಕೊಂಡು ಬಂದರು. ಪೆಟ್ಟಿಗೆ ತರುವ ಹಾಗಿಲ್ಲ ಎಂಬ ಷರತ್ತಿನ ಮೇಲೆ ಕಳುಹಿಸಿದ್ದೆವು. ಸರಕಾರಿ ಬಸ್ಸಿನಲ್ಲಾದರೆ 2023ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ತಾಯಿಯೂ ಹೋಗಬಹುದಿತ್ತು. ನಮ್ಮ ಕಡೆ ಓಡುವುದು ಹೆಚ್ಚಿನವೂ ಪ್ರೈವೇಟ್ ಬಸ್ಸುಗಳಲ್ಲವೇ! ಹಾಗಾಗಿ ತಾಯಿ ಅಕ್ಕಿರೊಟ್ಟಿ, ಒಣ ಸೀಗಡಿ ಚಟ್ನಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದರು.

ಆ ಚಟ್ನಿಯ ಡಬ್ಬಿಯಿಂದಲೇ ಧೈರ್ಯದ ಹುಡುಗಿಯ ಗುಟ್ಟು ಹೊರಬಿದ್ದದ್ದು. ರೂಮಿನವಳು ಸಸ್ಯಾಹಾರಿ. ವಾಸನೆಗೆ ಬೇಸರಪಟ್ಟಾಳು ಎಂದು ನಮ್ಮವಳು ಡಬ್ಬಿಯನ್ನು ಮೂರು ದಿನ ಚೀಲದೊಳಗೆ ಬಟ್ಟೆ ಸುತ್ತಿ ಅಡಗಿಸಿಟ್ಟಳು. ಅಡಗಿಸಿದರೆ ವಾಸನೆ ನಿಲ್ಲುತ್ತದೆಯೇ? ಕೊನೆಗೆ ಅವಳೇ, "ಅದೇನೈತಿ ತಗದು ತಿನ್ನವಾ, ನಾ ಕಿಟಕಿ ತಗೀತೀನಿ" ಎಂದಳಂತೆ. ತನ್ನ ಕಡೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊರಗೆ ತೆಗೆದಳು. ತಿನ್ನುತ್ತಾ ಮಾತಿಗೆ ಮಾತು ಬಂತು. ಅವಳು ದಿನಾ ಸಂಜೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದಳಂತೆ. ಇಲ್ಲಿಯವರು ಆಡುವ ಕನ್ನಡ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ಮಳೆ ನಿಲ್ಲುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಊಟಕ್ಕೆ ರೊಟ್ಟಿಯಿಲ್ಲ. "ನೀನ ಭಾಳ ಧೈರ್ಯದಾಕಿ, ಸುಮ್ಮನ ಓದ್ಕೋತ ಕುಂದರ್ತಿ" ಎಂದು ನಮ್ಮವಳಿಗೇ ಹೇಳಿದಳಂತೆ! ಒಂದೇ ಕೋಣೆ, ಎರಡು ಮಂಚ, ಇಬ್ಬರೂ ಇನ್ನೊಬ್ಬಳು ಆರಾಮವಾಗಿದ್ದಾಳೆ ಎಂದುಕೊಂಡು ಬೇರೆ ಬೇರೆ ಅತ್ತಿದ್ದಾರೆ.

ಈ ಸಂಗತಿಯನ್ನು ವಿದ್ವಾಂಸರು ಅಳೆದೂ ನೋಡಿದ್ದಾರೆ. ವಾಲ್ಟನ್ ಮತ್ತು ಕೋಹೆನ್ ಎಂಬ ಸ್ಟ್ಯಾನ್‌ಫರ್ಡ್‌ನ ಇಬ್ಬರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಓದಲು ಕೊಟ್ಟರು. ತಮಗೂ ಮೊದಲು ಇಲ್ಲಿಗೆ ಸೇರಿದವರಲ್ಲ ಎನಿಸುತ್ತಿತ್ತು, ಕಾಲ ಕಳೆದಂತೆ ಅದು ಹೋಯಿತು ಎಂಬುದೇ ಅದರ ಸಾರ. ಬಳಿಕ ಅವರಿಂದಲೂ ಅದೇ ವಿಷಯದಲ್ಲಿ ಬರೆಸಿದರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಆ ವಿಶ್ವವಿದ್ಯಾನಿಲಯದಲ್ಲಿ ಅಲ್ಪಸಂಖ್ಯಾತರಾಗಿದ್ದ ಕರಿಯ ವಿದ್ಯಾರ್ಥಿಗಳ ಅಂಕ ಮುಂದಿನ ಮೂರು ವರ್ಷ ಏರುತ್ತಾ ಹೋಗಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕೆ ಇಳಿಯಿತು. 2023ರಲ್ಲಿ 22 ಸಂಸ್ಥೆಗಳ 26 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಇದನ್ನೇ ಮತ್ತೆ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಅಂತಹ ಮಕ್ಕಳಿಗೆ ನಿಜವಾಗಿ ಬೆರೆಯಲು ಅವಕಾಶ ಕೊಟ್ಟ ಕಾಲೇಜುಗಳಲ್ಲಿ ಮಾತ್ರ ಇದರ ಫಲ ಕಾಣಿಸಿತು. ಅಂದರೆ ಧೈರ್ಯ ಹುಡುಗಿಯ ಕಡೆಯಿಂದ ಮಾತ್ರ ಬಂದರೆ ಸಾಲದು, ಕಾಲೇಜೂ ಒಂದು ಜಾಗ ಕೊಡಬೇಕು. ಲೆಕ್ಚರರ್ ಆಗಿರುವ ಸಹೋದರಿಯರು ಇದನ್ನು ಓದುತ್ತಿದ್ದರೆ, ಮೊದಲ ದಿನದ ಪರಿಚಯವನ್ನು ಕನ್ನಡದಲ್ಲೂ ಹೇಳಬಹುದು ಎಂದು ಒಂದು ಮಾತು ಹೇಳಿಬಿಡಿ. ನಿಮಗೆ ಅದರಿಂದ ನಷ್ಟವೇನೂ ಇಲ್ಲ.

ಇಂಟರ್ನಲ್ ಪರೀಕ್ಷೆ ಆಯಿತು. ನೂರಕ್ಕೆ ನೂರು ಬಂತು ಎಂದು ಬರೆದರೆ ನೀವು ಸಂತೋಷಪಡುತ್ತಿದ್ದಿರಿ, ಆದರೆ ಹಾಗೆ ಆಗಲಿಲ್ಲ. ಇಂಗ್ಲಿಷಿನಲ್ಲಿ 20ಕ್ಕೆ 7. ಅಕೌಂಟೆನ್ಸಿಯಲ್ಲಿ 20ಕ್ಕೆ 16, ತರಗತಿಯಲ್ಲಿ ಮೂರನೆಯ ಸ್ಥಾನ. ಇನ್ನೊಂದರಲ್ಲಿ ಹೇಗೋ ದಾಟಿದ್ದಳು. ಮಾತು ಕೊಟ್ಟಂತೆ ನಾನು ಅಂದು ಸಂಜೆ ಫೋನ್ ಮಾಡಿ ಕೇಳಿದೆ: "ಆರು ವಾರ ಆಯಿತು ಮಗಳೇ. ಈಗ ಹೇಳು, ಬರುತ್ತೀಯಾ? ನಾನೂ ನಿನ್ನ ಉಪ್ಪನೂ ನಾಳೆಯೇ ಹೊರಡುತ್ತೇವೆ."

"ನಾಳೆ ಆಗುವುದಿಲ್ಲ ಟೀಚರೇ" ಎಂದಳು. "ನಾಳೆ ನಾವಿಬ್ಬರು ಲೈಬ್ರರಿಗೆ ಹೋಗುವುದುಂಟು. ಅವಳಿಗೆ ನಾನು ಅಕೌಂಟ್ಸ್ ಹೇಳಿಕೊಡಬೇಕು, ಅವಳು ನನಗೆ ಇಂಗ್ಲಿಷ್ ಹೇಳಿಕೊಡ್ತಾಳೆ."

ಅದಾಗಿ ಮೂರು ವಾರಕ್ಕೆ ಮತ್ತೊಂದು ಶನಿವಾರ ರಾತ್ರಿ ಪಕ್ಕದ ಮನೆಯಾಕೆ ಬಂದರು. ಮುಖ ಬಾಡಿತ್ತು. ಕೈಯಲ್ಲಿ ಮೊಬೈಲ್.

"ಏನಾಯಿತು, ಮತ್ತೆ ಅತ್ತಳಾ?" ಎಂದು ಗಾಬರಿಯಿಂದ ಕೇಳಿದೆ.

"ಅಳುವುದಾ? ಗಂಟೆ ಒಂಬತ್ತೂವರೆ ಆಯಿತು ಟೀಚರೇ" ಎಂದರು. "ಇವತ್ತು ಅವಳು ಫೋನೇ ಮಾಡಲಿಲ್ಲ."